ಜಗತ್ತಿಗೊಂದು ಅಳತೆಗೋಲು

ಮಳವಳ್ಳಿಯ ಕೊಳಗ ಹಿರಿದು, ಮದ್ದೂರಿನ ಕೊಳಗ ಕಿರಿದು ಎಂದಾದರೆ ಮಂಡ್ಯದ ಮಾರುಕಟ್ಟೆಯಲ್ಲಿ ಭತ್ತಕ್ಕೆ ಬೆಲೆ ಕಟ್ಟುವುದೆಂತು? ಇಂತಹ ತೊಡಕನ್ನು ನೀಗಲೆಂದೇ 1956ರ ಕಾಯಿದೆಯು ಭಾರತಕ್ಕೆಲ್ಲ ಮೆಟ್ರಿಕ್ ಅಳತೆಯನ್ನು ವಿಧಿಸಿತು. ವೈದ್ಯಶಾಸ್ತ್ರಕ್ಕೂ ಇಂತಹ ಏಕರೂಪದ ಅಳತೆ ಅವಶ್ಯಕ.

1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ತದ್ರೂಪಿ ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಕಸಿ ಮಾಡಿ ಯಶಸ್ವಿಯಾದರು. ಅನ್ಯರಿಂದ ಪಡೆದ ಅಂಗವನ್ನಾದರೋ ದೇಹವು ಪರಕೀಯವೆಂದು ಬಗೆದು ತಿರಸ್ಕರಿಸಲು ಹವಣಿಸುತ್ತದೆ. ಇದನ್ನು ಅರಿಯಲು ಆ ಅಂಗದಿಂದ ನೂಲಿನೆಳೆಯಂತಹ ಚೂರೊಂದನ್ನು ಸೂಜಿಯಿಂದ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇರುವ ತಿರಸ್ಕಾರವನ್ನು ಗುರುತಿಸದಿದ್ದರೆ ಅಂಗವೇ ನಷ್ಟವಾದೀತು. ಇಲ್ಲದುದನ್ನು ಇದೆಯೆಂದು ತಿಳಿದು ತೀವ್ರ ಔಷಧಿ ಕೊಟ್ಟರೆ ರೋಗನಿರೋಧಕ ಶಕ್ತಿ ಕುಂದಿ ಸೋಂಕು ತಗಲೀತು. ಆದರೂ ಬಹುಕಾಲ ತಜ್ಞರಲ್ಲಿ ಏಕರೂಪದ ನಿರ್ಣಯಕ್ರಮವಿರಲಿಲ್ಲ.

1991ರಲ್ಲಿ ಕಿಮ್ ಸೋಲೆಜ್, ಲೊರೇನ್ ರಾಕುಸೆನ್ ಮೊದಲಾದ ತಜ್ಞರು ಕೆನಡಾದ ಬ್ಯಾನ್ಫ್ ಪಟ್ಟಣದಲ್ಲಿ ಸಭೆ ಸೇರಿದರು. ಅಲ್ಲಿ ರೂಪುಗೊಂಡ ಕ್ರಮ 1993ರಲ್ಲಿ ಪ್ರಕಟವಾಯಿತು. ಮೂತ್ರನಾಳಿಕೆ, ರಕ್ತನಾಳ ಮುಂತಾದವುಗಳ ಹಾನಿಗೆ 0ಯಿಂದ 3ರವರೆಗೆ ಅಂಕ ನೀಡುವುದು ಅದರ ತಿರುಳು. ಮುಂದೆ ಪಿತ್ತಜನಕಾಂಗ ಮೊದಲಾದ ಅಂಗಗಳಿಗೂ ನಿಯಮಗಳು ಸಿದ್ಧವಾದವು. ಹೊಸ ಅರಿವಿಗೆ ತಕ್ಕಂತೆ ತಜ್ಞರು ಆಗಾಗ ಕಲೆತು ಅವನ್ನು ತಿದ್ದುತ್ತಾರೆ.

ಈ ಕ್ರಮದಿಂದಾಗಿ ಮಳವಳ್ಳಿಯ ರೈತನೊಬ್ಬನ ಪರೀಕ್ಷೆಯಲ್ಲಿ ಬೆಂಗಳೂರಿನ ತಜ್ಞರು ಬರೆದ ಅಂಕವನ್ನು ಕಡಲಾಚೆಯ ವೈದ್ಯರೂ ಅದೇ ಅರ್ಥದಲ್ಲಿ ಓದಬಲ್ಲರು. ಅಂಗದಾನ ಮಹಾದಾನ, ದಾನವಾಗಿ ಬಂದುದನ್ನು ಉಳಿಸಿಕೊಳ್ಳಲು ಹಲವು ದೇಶಗಳ ಜ್ಞಾನ ಒಂದಾಗಬೇಕು.