ಕಬ್ಬಿಣದ ಗುಣ ಹೇಳುವ ಕಿಡಿ

ಮಲೆನಾಡಿನಲ್ಲಿ ಕತ್ತಿ ಬಡಿಯುವ ಕಮ್ಮಾರರು ಗುಜರಿಯಲ್ಲಿ ಹುಡುಕುವುದು ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟನ್ನು. ಮನೆ ಕಟ್ಟಿ ಉಳಿದ ಟಿಎಂಟಿ ಸರಳು ಪಕ್ಕದಲ್ಲೇ ಬಿದ್ದಿದ್ದರೂ ಅವರಿಗೆ ಬೇಡ. ತುಕ್ಕು ಹಿಡಿದ ಮೇಲೆ ಎರಡೂ ಒಂದೇ ಬಣ್ಣ. ಬೇರೆಯಾಗಿರುವುದು ಒಳಗಿನ ಇಂಗಾಲ. ಪ್ಲೇಟಿನಲ್ಲಿ ಅದು ಶೇ. 0.6ರ ಆಸುಪಾಸು, ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗಿ ಹರಿತ ಹಿಡಿಯುತ್ತದೆ. ಸರಳಿನಲ್ಲಿ ಶೇ. 0.3ರ ಒಳಗೇ ಇರಬೇಕು. ಅದರಿಂದ ಮಾಡಿದ ಕತ್ತಿ ಬೇಗ ಮೊಂಡಾಗುತ್ತದೆ.

ಈ ಇಂಗಾಲವನ್ನು ಕಣ್ಣಾರೆ ನೋಡಬಹುದು. ತುಂಡನ್ನು ಗ್ರೈಂಡಿಂಗ್ ಚಕ್ರಕ್ಕೆ ಮೆಲ್ಲಗೆ ತಾಗಿಸಿ, ನೆರಳಿನಲ್ಲಿ ನಿಂತು ಕಿಡಿ ಗಮನಿಸಿ. ಕನ್ನಡಕ ಹಾಕದೆ ಮಾತ್ರ ಬೇಡ. ಚಕ್ರ ಕಿತ್ತ ಪುಡಿ ಕಾದು ಗಾಳಿಯಲ್ಲಿ ಉರಿಯುತ್ತದೆ, ಇಂಗಾಲ ಅನಿಲವಾಗಿ ನುಗ್ಗುವ ರಭಸಕ್ಕೆ ಕಣ ಸಿಡಿಯುತ್ತದೆ. ಸರಳಿನಂಥ ಮೆದು ಉಕ್ಕಿನ ಕಿಡಿ ಹಳದಿ, ಉದ್ದ, ಕವಲು ಕಡಿಮೆ. ಸ್ಪ್ರಿಂಗ್ ಪ್ಲೇಟಿನದು ಸುರುಸುರುಬತ್ತಿಯಂತೆ ಕವಲೊಡೆದು ಚಿಮ್ಮುತ್ತದೆ. ಅರದ ಕಿಡಿಯಲ್ಲಿ ಸಿಡಿತ ಇನ್ನೂ ದಟ್ಟ. ಬುಡಾಪೆಸ್ಟಿನ ಎಂಜಿನಿಯರ್ ಮ್ಯಾಕ್ಸ್ ಬೆರ್ಮನ್ 1909ರಲ್ಲಿ ಇದನ್ನು ಕ್ರಮಬದ್ಧ ಪರೀಕ್ಷೆಯಾಗಿ ಮಂಡಿಸಿದ. ಗೊತ್ತಿರುವ ತುಂಡೊಂದನ್ನು ಜೊತೆಗಿಟ್ಟು ಹೋಲಿಸಿದರೆ ಹೊಸಬರಿಗೂ ಇದು ಒಲಿಯುತ್ತದೆ.

ಬೀಡು ಕಬ್ಬಿಣದ್ದು ಮಾತ್ರ ಬೇರೆ ದಾರಿ. ಇಂಗಾಲ ಶೇ. 2ರಿಂದ 4ರಷ್ಟಿದ್ದರೂ ಕಿಡಿ ಗಿಡ್ಡ, ಚಕ್ರದ ಹತ್ತಿರ ಮಂಕು ಕೆಂಪು. ಅದನ್ನು ಡ್ರಿಲ್ಲಿನಿಂದ ಕೊರೆದು ನೋಡುವುದು ಸುಲಭ: ಮೆದು ಉಕ್ಕು ಸುರುಳಿ ಸುರುಳಿಯಾಗಿ ಬರುತ್ತದೆ, ಬೀಡು ಪುಡಿಯಾಗಿ ಉದುರಿ ಬೆರಳಿಗೆ ಕಪ್ಪು ಮೆತ್ತುತ್ತದೆ. ಆ ಕಪ್ಪು ಗ್ರಾಫೈಟ್, ಪೆನ್ಸಿಲ್ ಕಡ್ಡಿಯಲ್ಲಿರುವುದೂ ಅದೇ. ಇಷ್ಟೊಂದು ಇಂಗಾಲ ಸೇರುವುದು ಕುಲುಮೆಯಲ್ಲೇ: 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಿಲಿನಲ್ಲಿ ಕರಗಿಸುತ್ತಿದ್ದರು. ಇದ್ದಿಲಿನ ಇಂಗಾಲವನ್ನು ಹೀರಿ ಇಳಿದದ್ದು ಬೀಡೇ. ಹೆಚ್ಚಿನ ಇಂಗಾಲವನ್ನು ಉರಿಸಿ ತೆಗೆದರೆ ಉಕ್ಕು.

ಸ್ಟೀಲ್ ಪಾತ್ರೆಯ ಮಾತಿಗೆ ಬಂದರೆ, ಅಂಗಡಿಯ ಅಯಸ್ಕಾಂತದ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಅಂಟದಿದ್ದರೆ ಒಳ್ಳೆಯ ಸ್ಟೀಲು ಎನ್ನುತ್ತಾರೆ. ಆದರೆ ನಿಕ್ಕಲ್ ಹೆಚ್ಚಿರುವ 304 ದರ್ಜೆಯ ಸ್ಟೀಲಿಗೂ ಅಂಟುವುದಿಲ್ಲ, ನಿಕ್ಕಲ್ ತಗ್ಗಿಸಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 202ಕ್ಕೂ ಅಂಟುವುದಿಲ್ಲ. ಒತ್ತಿ ಬಗ್ಗಿಸಿದ ಅಂಚಿನಲ್ಲಿ ಅಸಲಿ 304 ಕೂಡ ತುಸು ಸೆಳೆಯಬಹುದು.

ಇದೆಲ್ಲ ನಿಜವಾಗಿ ಬೇಕಾಗುವುದು ವೆಲ್ಡಿಂಗಿಗೆ ಮುಂಚೆ. ಪಂಪಿನ ಬೀಡಿನ ಬಾಡಿಯನ್ನು ಉಕ್ಕೆಂದು ಭಾವಿಸಿ ಮಾಮೂಲಿ ರಾಡಿನಲ್ಲಿ ಬೆಸೆದರೆ ತಣಿಯುವಾಗ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಅದಕ್ಕೆ ನಿಕ್ಕಲ್ ರಾಡು ಬೇಕು, ಬೆಸೆದ ಮೇಲೆ ನಿಧಾನವಾಗಿ ತಣಿಯಲು ಬಿಡಬೇಕು.