ಮಳೆಯನ್ನು ನಂಬಿದ ಪಡೆ
(ಪೋಕೆಮಾನ್ ಕಾಳಗದಲ್ಲಿ ಹವೆಯ ವಿಚಾರ)

ನಂದಗುಡಿಯ ಸುತ್ತಣ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಅಶ್ವಿನಿಯಿಂದ ತೊಡಗಿ ವಿಶಾಖೆಯವರೆಗೆ ಒಂದೊಂದು ಮಳೆಯ ಹೆಸರನ್ನೂ ಅದರ ಸ್ವಭಾವವನ್ನೂ ಇಲ್ಲಿಯ ಹಿರಿಯರು ಬಾಯಲ್ಲೇ ಎಣಿಸಬಲ್ಲರು. ಒಂದು ನಕ್ಷತ್ರದ ಮಳೆಗೆ ೧೩ ಅಥವಾ ೧೪ ದಿನಗಳ ಅವಧಿ. ಅಷ್ಟರೊಳಗೆ ನೆಲ ಹದವಾದರೆ ಬಿತ್ತನೆ, ತಪ್ಪಿದರೆ ಮುಂದಿನ ಮಳೆಗೆ ಕಾಯುವಿಕೆ. ಹೀಗೆ ಅವಧಿಯುಳ್ಳ ಮಳೆಯನ್ನು ನಂಬಿ ಕಾರ್ಯವನ್ನು ಯೋಜಿಸುವ ವಿದ್ಯೆಯು ಒಕ್ಕಲುತನಕ್ಕೆ ಮಾತ್ರ ಸೇರಿದುದೆಂದು ನಾನು ಬಹುಕಾಲ ಭಾವಿಸಿದ್ದೆನು.

ಕೆಲವು ತಿಂಗಳ ಹಿಂದೆ ಹತ್ತನೆಯ ತರಗತಿಯ ಹುಡುಗನೊಬ್ಬನ ವ್ಯಾಕರಣದ ನೋಟುಪುಸ್ತಕವನ್ನು ತಿದ್ದುತ್ತಿರುವಾಗ ಅದರ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಕಣ್ಣಿಗೆ ಬಿದ್ದಿತು. ಮೇಲೆ ‘ಮಳೆ, ೫ ಸುತ್ತು’ ಎಂಬ ಶಿರೋನಾಮೆ. ಕೆಳಗೆ ಯಾವ ಕೋಶದಲ್ಲಿಯೂ ದೊರೆಯದ ಆರು ಹೆಸರುಗಳು. ಪ್ರತಿಯೊಂದರ ಮುಂದೆಯೂ ಅಂಕಿಗಳು. ಸಮಾಸಗಳನ್ನು ಬಿಡಿಸಬೇಕಾದ ಪುಸ್ತಕದಲ್ಲಿ ಇದೇನೆಂದು ಗದರಿಸಿದೆನು. ಹುಡುಗನು ಅಂಜುತ್ತಲೇ, “ಆಟದ ಲೆಕ್ಕ ಸಾರ್. ಮಳೆ ಬಂದಾಗ ಗೆಲ್ಲೋ ಟೀಮು” ಎಂದನು.

“ಮಳೆ ನಿಂತ ಮೇಲೆ ಏನು ಮಾಡ್ತೀಯಪ್ಪ?”

“ಸೋಲ್ತೀನಿ ಸಾರ್.”

ಈ ಉತ್ತರವು ನನ್ನ ಕೋಪವನ್ನು ಇಳಿಸಿ ಕುತೂಹಲವನ್ನು ಹುಟ್ಟಿಸಿತು. ಅಂದಿನಿಂದ ಬಿಡುವಾದಾಗಲೆಲ್ಲ ಆತನಿಂದಲೂ ಆತನ ಗೆಳೆಯರಿಂದಲೂ ಕೇಳಿ ತಿಳಿದು, ಸ್ವತಃ ಪರಿಶೀಲಿಸಿದ ವಿಷಯವನ್ನು ಉಪಾಧ್ಯಾಯ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ. ನಮ್ಮ ಮಕ್ಕಳು ಯಾವುದರಲ್ಲಿ ಮುಳುಗಿರುವರೆಂಬುದನ್ನು ಅರಿಯದೆ ಅದನ್ನು ಹಳಿಯುವುದಾಗಲಿ ಹೊಗಳುವುದಾಗಲಿ ಗುರುಸ್ಥಾನಕ್ಕೆ ಒಪ್ಪುವುದಿಲ್ಲ.

ಆಟದ ಸ್ವರೂಪ

ಈ ಆಟದ ಹೆಸರು ಪೋಕೆಮಾನ್. ‘ಪಾಕೆಟ್ ಮಾನ್ಸ್ಟರ್ಸ್’ ಎಂಬ ಎರಡು ಪದಗಳ ಆದ್ಯಕ್ಷರಗಳನ್ನು ಮಾತ್ರ ಉಳಿಸಿಕೊಂಡು, ಜಪಾನೀಯರ ನಾಲಗೆಗೆ ಹೊಂದುವಂತೆ ಕೂಡಿಸಿದ ರೂಪವಿದು. ‘ಜೇಬಿನ ವಿಚಿತ್ರ ಪ್ರಾಣಿ’ ಎಂದು ಅರ್ಥ ಹೇಳಬಹುದು. ಇದನ್ನು ಕಲ್ಪಿಸಿದವರು ಸತೋಶಿ ತಾಜಿರಿ ಎಂಬ ಜಪಾನೀಯರು. ಇವರು ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಹವ್ಯಾಸಿಗಳಾಗಿದ್ದರು. ಬೆಂಕಿಪೊಟ್ಟಣದಲ್ಲಿ ಜೀರ್ಜಿಂಬೆಯನ್ನು ಸಾಕಿದ ನಮ್ಮ ತಲೆಮಾರಿನವರಿಗೆ ಈ ಹವ್ಯಾಸದ ಸವಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವರ ಗೇಮ್ ಫ್ರೀಕ್ ಸಂಸ್ಥೆಯು ರಚಿಸಿದ ಮೊದಲ ಆಟಗಳು ೧೯೯೬ನೆಯ ಫೆಬ್ರವರಿ ೨೭ರಂದು ಜಪಾನಿನಲ್ಲಿ ಹೊರಬಂದವು.

ಪ್ರಾಣಿಗಳ ಸಂಖ್ಯೆ ಇಂದು ಸಾವಿರವನ್ನು ಮೀರಿದ್ದರೂ ತತ್ತ್ವ ಸರಳವಾದುದು. ನೀರು, ಬೆಂಕಿ, ಹುಲ್ಲು, ಮಿಂಚು, ನೆಲ, ಬಂಡೆ, ಉಕ್ಕು ಮೊದಲಾಗಿ ೧೮ ವರ್ಗಗಳುಂಟು. ಪ್ರತಿಯೊಂದು ಪ್ರಾಣಿಯೂ ಇವುಗಳಲ್ಲಿ ಒಂದು ಅಥವಾ ಎರಡು ವರ್ಗಕ್ಕೆ ಸೇರಿರುತ್ತದೆ. ನೀರು ಬೆಂಕಿಯನ್ನು ಗೆಲ್ಲುವುದು, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು. ಪ್ರತಿ ಪ್ರಾಣಿಗೂ ನಾಲ್ಕು ಪ್ರಯೋಗಗಳು, ಒಂದು ಸಹಜಶಕ್ತಿ, ಕೈಯಲ್ಲಿ ಹಿಡಿದುಕೊಳ್ಳಲು ಒಂದು ವಸ್ತು. ಅಧಿಕೃತ ಸ್ಪರ್ಧೆಯಲ್ಲಿ ಆಟಗಾರನು ಆರು ಪ್ರಾಣಿಗಳ ಪಡೆಯನ್ನು ತರುವನು. ಪರಸ್ಪರರ ಆರನ್ನೂ ಕಂಡ ಬಳಿಕ ಇಬ್ಬರೂ ನಾಲ್ಕು ನಾಲ್ಕನ್ನು ಗುಟ್ಟಾಗಿ ಆರಿಸಿಕೊಳ್ಳುವರು. ಅವುಗಳಲ್ಲಿ ಎರಡೆರಡು ಏಕಕಾಲದಲ್ಲಿ ಕಣದಲ್ಲಿರುವುವು. ಯಾವ ವರ್ಷ ಯಾವ ಪ್ರಾಣಿಗಳಿಗೆ ಪ್ರವೇಶವೆಂಬುದನ್ನು ಸಂಘಟಕರು ನಿಯಮಿಸುವರು. ಈ ಆಟದ ವಿಶ್ವಸ್ಪರ್ಧೆ ೨೦೦೯ರಲ್ಲಿ ಮೊದಲಾಯಿತು. ೨೦೨೩ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ನೆರವೇರಿತು. ಬೆಲೆಯುಳ್ಳ ಯಂತ್ರವನ್ನು ಕೊಳ್ಳಲಾರದ ಹುಡುಗರು ಪೋಕೆಮಾನ್ ಶೋಡೌನ್ ಎಂಬ ಉಚಿತ ಜಾಲತಾಣದಲ್ಲಿ ಇದೇ ಕಾಳಗವನ್ನು ಅಭ್ಯಾಸ ಮಾಡುವರು.

ನಾಲ್ಕು ಹವೆಗಳು

ಕಣದ ಮೇಲೆ ನಾಲ್ಕು ಬಗೆಯ ಹವೆ ಬರಬಹುದು: ಮಳೆ, ಬಿಸಿಲು, ಮರಳುಗಾಳಿ, ಹಿಮ. ಮೊದಲಿನ ಮೂರು ೧೯೯೯ರ ಆಟಗಳಲ್ಲಿ ಸೇರಿದವು. ೨೦೦೨ರಲ್ಲಿ ಆಲಿಕಲ್ಲು ಬಂದಿತು. ೨೦೨೨ರ ಆಟಗಳಲ್ಲಿ ಅದನ್ನು ತೆಗೆದು ಆ ಸ್ಥಾನದಲ್ಲಿ ಹಿಮಪಾತವನ್ನಿಟ್ಟರು.

ಮಳೆಯಲ್ಲಿ ನೀರಿನ ಪ್ರಯೋಗಗಳ ಬಲ ಒಂದೂವರೆ ಪಟ್ಟು, ಬೆಂಕಿಯ ಪ್ರಯೋಗಗಳ ಬಲ ಅರ್ಧ. ಮೊದಲು ೬೦ರಷ್ಟು ಹಾನಿ ಮಾಡುತ್ತಿದ್ದ ನೀರು ಈಗ ೯೦ರಷ್ಟು ಮಾಡುವುದು. ೬೦ರಷ್ಟು ಮಾಡುತ್ತಿದ್ದ ಬೆಂಕಿ ೩೦ಕ್ಕೆ ಇಳಿಯುವುದು. ಸಮಬಲರಾಗಿದ್ದವರ ನಡುವೆ ಮೂರು ಪಟ್ಟಿನ ಅಂತರ! ಬಿಸಿಲಿನಲ್ಲಿ ಇದು ತಿರುಗುಮುರುಗು. ಸಾಮಾನ್ಯವಾಗಿ ನೂರಕ್ಕೆ ೭೦ ಸಲ ಮಾತ್ರ ಗುರಿ ಮುಟ್ಟುವ ಸಿಡಿಲು ಮಳೆಯಲ್ಲಿ ತಪ್ಪದೆ ತಗಲುವುದು, ಬಿಸಿಲಿನಲ್ಲಿ ೫೦ ಸಲ ಮಾತ್ರ. ಒಂದು ಸರದಿ ತೇಜಸ್ಸನ್ನು ಕೂಡಿಸಿ ಮರುಸರದಿಯಲ್ಲಿ ಬಿಡಬೇಕಾದ ಸೂರ್ಯಕಿರಣದ ಪ್ರಯೋಗವು ಬಿಸಿಲಿನಲ್ಲಿ ಒಡನೆಯೇ ಫಲಿಸುವುದು. ಮರಳುಗಾಳಿಯು ಬಂಡೆ, ನೆಲ, ಉಕ್ಕಿನ ವರ್ಗದವರನ್ನು ಬಿಟ್ಟು ಬಹುತೇಕ ಎಲ್ಲರ ಪ್ರಾಣಬಲದ ಹದಿನಾರನೆಯ ಒಂದು ಪಾಲನ್ನು ಸುತ್ತುಸುತ್ತಿಗೂ ಸವೆಸುವುದು.

ಇವೆಲ್ಲಕ್ಕಿಂತಲೂ ಮುಖ್ಯವಾದುದು ವೇಗ. ಕೆಲವು ಪ್ರಾಣಿಗಳಿಗೆ ಮಳೆಯಲ್ಲಿ ವೇಗ ಇಮ್ಮಡಿಯಾಗುವ ಸಹಜಶಕ್ತಿಯಿದೆ, ಇನ್ನು ಕೆಲವಕ್ಕೆ ಬಿಸಿಲಿನಲ್ಲಿ, ಮರಳಿನಲ್ಲಿ, ಹಿಮದಲ್ಲಿ. ಸುತ್ತಿನಲ್ಲಿ ವೇಗಿಯೇ ಮೊದಲು ಹೊಡೆಯುವುದರಿಂದ ನಿಧಾನಿಯು ಕೈಯೆತ್ತುವ ಮೊದಲೇ ಬೀಳಬಹುದು.

ಹವೆ ಬರುವ ಬಗೆ

ಹವೆಯನ್ನು ತರಲು ಎರಡು ದಾರಿ. ಒಂದು, ಪ್ರಯೋಗದಿಂದ ತರುವುದು. ಇದಕ್ಕೆ ಒಂದು ಸರದಿ ವೆಚ್ಚವಾಗುವುದು. ಇನ್ನೊಂದು, ಕಣಕ್ಕೆ ಕಾಲಿಟ್ಟೊಡನೆಯೇ ಮಳೆಯನ್ನು ತರುವ ಸಹಜಶಕ್ತಿ. ೨೦೦೨ರಲ್ಲಿ ಮಳೆ ತರುವ ಈ ಶಕ್ತಿ ಕೈಯೋಗರ್ ಎಂಬ ಕಡಲಿನ ಮಹಾಪ್ರಾಣಿಗೆ ಮಾತ್ರ ಇದ್ದಿತು. ೨೦೧೦ರ ಆಟಗಳಿಂದ ಅದು ಪಾಲಿಟೋಡ್ ಎಂಬ ಸಾಮಾನ್ಯ ಕಪ್ಪೆಗೂ ದೊರೆಯಿತು. ಹಾಗೆ ಬಂದ ಮಳೆ ಬೇರೊಂದು ಹವೆ ಬರುವವರೆಗೆ ನಿಲ್ಲುತ್ತಲೇ ಇರಲಿಲ್ಲ. ಆರಿದ್ರಾ ಮಳೆ ಆರದೆ ಹೊಯ್ಯುವುದೆಂಬ ನಮ್ಮವರ ಮಾತು ಅಲ್ಲಿ ಅಕ್ಷರಶಃ ನಿಜವಾಯಿತು. ಎಲ್ಲರ ಪಡೆಯಲ್ಲಿಯೂ ಮಳೆಯೇ ತುಂಬಿದುದರಿಂದ ಸ್ಮೋಗನ್ ಎಂಬ ಅಭ್ಯಾಸಿಗಳ ಬಳಗವು, ಮಳೆ ತರುವವನೂ ಮಳೆಯಲ್ಲಿ ವೇಗ ಪಡೆಯುವವನೂ ಒಂದೇ ಪಡೆಯಲ್ಲಿರಕೂಡದೆಂದು ೨೦೧೧ರಲ್ಲಿ ತನ್ನ ಪಂದ್ಯಗಳಿಗೆ ಕಟ್ಟಳೆ ಮಾಡಬೇಕಾಯಿತು. ೨೦೧೩ರಲ್ಲಿ ಆಟದ ಕರ್ತರೇ ಈ ಮಳೆಗೆ ೫ ಸುತ್ತುಗಳ ಮಿತಿಯನ್ನು ಹಾಕಿದರು. ಮಳೆ ತರುವವನು ತೇವದ ಕಲ್ಲನ್ನು ಹಿಡಿದಿದ್ದರೆ ಮಾತ್ರ ೮ ಸುತ್ತು. ಆದರೆ ಕೈಗೆ ಒಂದೇ ವಸ್ತು. ಕಲ್ಲನ್ನು ಹಿಡಿದವನು ಪ್ರಾಣವುಳಿಸುವ ಬೇರೊಂದು ವಸ್ತುವನ್ನು ಬಿಡಬೇಕಾಗುವುದು.

ಪಡೆಯನ್ನು ಕಟ್ಟುವ ಕ್ರಮ

ಮಳೆಯ ಪಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ ನಾಲ್ಕು ಬಗೆಯ ಪಾತ್ರಗಳು ಅವಶ್ಯ.

ಮೊದಲನೆಯವನು ಮಳೆಯನ್ನು ತರುವವನು. ೨೦೧೬ರ ಆಟಗಳಿಂದ ಈ ಶಕ್ತಿಯನ್ನು ಪಡೆದ ಪೆಲಿಪ್ಪರ್ ಎಂಬ ಹೆಜ್ಜಾರ್ಲೆಯಂಥ ಹಕ್ಕಿ ಇದಕ್ಕೆ ಪ್ರಸಿದ್ಧ. ಇದು ನೀರು ಮತ್ತು ಹಾರುವ ವರ್ಗಗಳೆರಡಕ್ಕೂ ಸೇರಿದುದರಿಂದ ಮಿಂಚಿನ ಏಟು ಇದಕ್ಕೆ ನಾಲ್ಕು ಪಟ್ಟು. ಇದನ್ನು ಕಳೆದುಕೊಂಡರೆ ಮಳೆಯನ್ನು ಮರಳಿ ತರುವವರಿಲ್ಲ.

ಎರಡನೆಯವನು ಮಳೆಯ ಫಲವನ್ನು ಉಣ್ಣುವವನು. ಲುಡಿಕೋಲೊ ಎಂಬುದು ನೀರು ಮತ್ತು ಹುಲ್ಲು ಎರಡೂ ವರ್ಗದ್ದು. ಮಳೆಯಲ್ಲಿ ಇದರ ವೇಗ ಇಮ್ಮಡಿ. ನೀರಿನವರಿಗೆ ಮಾರಕವಾದ ಹುಲ್ಲು ಮತ್ತು ಮಿಂಚಿನ ಏಟುಗಳು ಇದರ ಹುಲ್ಲಿನ ಅಂಶದಿಂದ ಸಮವಾಗಿಬಿಡುವುವು. ಫಲವನ್ನು ಉಣ್ಣುವವನು ನೀರಿನ ವರ್ಗದವನೇ ಆಗಬೇಕೆಂದಿಲ್ಲ. ೨೦೨೩ರಲ್ಲಿ ಬಂದ ಆರ್ಕಲುಡನ್ ಎಂಬ ಉಕ್ಕಿನ ಪ್ರಾಣಿಯ ವಿದ್ಯುತ್ ಪ್ರಯೋಗವು ಎರಡು ಸರದಿಗಳ ಕೆಲಸವನ್ನು ಮಳೆಯಲ್ಲಿ ಒಂದೇ ಸರದಿಗೆ ಮುಗಿಸುವುದು.

ಮೂರನೆಯವನು ಮಳೆಯನ್ನು ಕೊಡೆಯಾಗಿ ಬಳಸುವವನು. ಫೆರೋಥಾರ್ನ್ ಎಂಬ ಉಕ್ಕಿನ ಮುಳ್ಳುಗಿಡಕ್ಕೆ ಬೆಂಕಿಯ ಏಟು ನಾಲ್ಕು ಪಟ್ಟು. ಮಳೆ ಹೊಯ್ಯುತ್ತಿದ್ದರೆ ಅದು ಎರಡು ಪಟ್ಟಿಗೆ ತಗ್ಗುವುದು. ಇದು ಮಳೆಯಲ್ಲಿ ಹೊಡೆಯುವುದಕ್ಕಿಂತ ಮಳೆಯಿಂದ ಬದುಕಿಕೊಳ್ಳುವುದು.

ನಾಲ್ಕನೆಯವನು ಮಳೆ ಬೇಡದವನು. ಹೊಸಬರು ಮರೆಯುವುದು ಇವನನ್ನೇ. ನಮ್ಮ ಹುಡುಗನ ಪಟ್ಟಿಯಲ್ಲಿ ಆರಕ್ಕೆ ಆರೂ ಮಳೆಯವರೇ ಆಗಿದ್ದರು. ಎದುರಾಳಿಯು ಆರನ್ನೂ ಮುಂಚಿತವಾಗಿ ಕಾಣುವನಾದ್ದರಿಂದ, ಪೆಲಿಪ್ಪರನ್ನು ಕಂಡೊಡನೆಯೇ ಮಳೆಗೆ ಮದ್ದನ್ನು ಸಿದ್ಧಪಡಿಸಿಕೊಳ್ಳುವನು. ಆಗ ಪೆಲಿಪ್ಪರನ್ನು ಮನೆಯಲ್ಲೇ ಬಿಟ್ಟು ಮಿಕ್ಕ ನಾಲ್ವರಿಂದ ಗೆಲ್ಲಬಲ್ಲ ಪಡೆಗೆ ಮಾತ್ರ ಬೆಲೆ. ಪೆಲಿಪ್ಪರ್ ಬೆನ್ನುಗಾಳಿಯನ್ನೂ ಬೀಸಬಲ್ಲುದು. ಅದು ನಾಲ್ಕು ಸುತ್ತು ತನ್ನ ಕಡೆಯ ಎಲ್ಲರ ವೇಗವನ್ನೂ ಇಮ್ಮಡಿಸುವುದು. ಮಳೆ ಬೇಡದವರಿಗೂ ಇದು ಒದಗುವುದು.

ಹವೆಯ ಜಗಳ

ಎದುರಾಳಿಯೂ ತನ್ನದೇ ಹವೆಯನ್ನು ತಂದರೆ ಗತಿಯೇನು? ಕಣದಲ್ಲಿ ಒಂದು ಕಾಲಕ್ಕೆ ಒಂದೇ ಹವೆ; ಕೊನೆಗೆ ಬಂದುದೇ ನಿಲ್ಲುವುದು. ಇಬ್ಬರೂ ಒಮ್ಮೆಗೇ ಕಾಲಿಟ್ಟರೆ ವೇಗಿಯ ಶಕ್ತಿ ಮೊದಲು, ನಿಧಾನಿಯದು ಅನಂತರ ಫಲಿಸುವುದರಿಂದ, ಉಳಿಯುವುದು ನಿಧಾನಿಯ ಹವೆ. ಪೆಲಿಪ್ಪರನ ಮೂಲವೇಗ ೬೫. ಬಿಸಿಲನ್ನು ತರುವ ಟೋರ್ಕೋಲ್ ಎಂಬ ಆಮೆಯದು ೨೦. ಆದುದರಿಂದ ಮೊದಲ ಸುತ್ತಿನಲ್ಲಿ ಬಿಸಿಲೇ ಗೆಲ್ಲುವುದು. ನಿಧಾನವೇ ಪ್ರಧಾನವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆನು. ಆಗ ಪೆಲಿಪ್ಪರನ್ನು ಹಿಂದಕ್ಕೆ ಕರೆದು ತಕ್ಕ ಸಮಯದಲ್ಲಿ ಮತ್ತೆ ಇಳಿಸಿದರೆ ಮಳೆ ಮರಳುವುದು. ಈ ಹೋಗಿಬರುವಿಕೆಯಲ್ಲಿ ಸರದಿಗಳು ಕಳೆದುಹೋಗದಂತೆ ನೋಡಿಕೊಳ್ಳುವುದೇ ಚಾತುರ್ಯ. ಬಿಸಿಲು ಉಳಿದ ಎಷ್ಟು ಸುತ್ತು, ತನ್ನವರಲ್ಲಿ ಯಾರು ಅಷ್ಟು ಹೊತ್ತು ತಾಳಬಲ್ಲರು ಎಂಬ ಎಣಿಕೆ ನಿಪುಣನ ಮನಸ್ಸಿನಲ್ಲಿ ಸದಾ ನಡೆಯುತ್ತಿರುವುದು.

೨೦೧೬ರಲ್ಲಿ ವಿಶ್ವವಿಜೇತರಾದ ಅಮೆರಿಕದ ವುಲ್ಫ್ ಗ್ಲಿಕ್ ಅವರ ಪಡೆ ಇಲ್ಲಿ ಸ್ಮರಣೀಯ. ಅದರಲ್ಲಿ ಮಹಾವೃಷ್ಟಿಯನ್ನು ತರುವ ಕೈಯೋಗರ್ ಇದ್ದಿತು. ಆ ಕಾಲದಲ್ಲಿ ಅದರ ವೈರಿಯಾದ ಗ್ರೌಡಾನ್ ತರುತ್ತಿದ್ದ ಉರಿಬಿಸಿಲಿನಲ್ಲಿ ನೀರಿನ ಪ್ರಯೋಗಗಳು ಆವಿಯಾಗಿ ನಿಷ್ಫಲವಾಗುತ್ತಿದ್ದವು. ಅದಕ್ಕೆ ಪ್ರತಿಯಾಗಿ ಅವರು ಜೊತೆಗಿಟ್ಟುದು ಹವೆಯ ಪರಿಣಾಮವನ್ನೇ ಅಳಿಸಬಲ್ಲ ರೇಕ್ವಾಜಾ ಎಂಬ ಆಕಾಶಸರ್ಪವನ್ನು. ಮಿಂಚಿನ ಏಟನ್ನು ತನ್ನ ಕಡೆಗೆ ಸೆಳೆದುಕೊಳ್ಳಬಲ್ಲ ರಾಯ್ಚುವೂ ಆ ಪಡೆಯಲ್ಲಿದ್ದಿತು. ಮಳೆಯನ್ನು ನಂಬಿದವರೇ ಮಳೆಯಿಲ್ಲದ ಗಳಿಗೆಯನ್ನು ಮೊದಲು ಯೋಚಿಸಿದ್ದರೆಂಬುದು ಇದರ ತಾತ್ಪರ್ಯ.

ಅಕ್ಕಡಿಯ ಪಾಠ

ಇಷ್ಟನ್ನು ಕೇಳಿದ ಮೇಲೆ ನಾನು ಹುಡುಗನಿಗೆ ಆತನ ಮನೆಯ ಹೊಲವನ್ನೇ ನೆನಪಿಸಿದೆನು. ನಮ್ಮ ಕಡೆ ರಾಗಿಯನ್ನು ಒಂಟಿಯಾಗಿ ಬಿತ್ತುವುದು ಹಿಂದಿನ ರೂಢಿಯಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯೋ ಅವರೆಯೋ. ನಡುನಡುವೆ ಸಾಸಿವೆ, ಹುಚ್ಚೆಳ್ಳು. ನಡುವೆ ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರೂರಿದ ತೊಗರಿ ತಾಳಿಕೊಳ್ಳುವುದು. ಮುಂಗಾರು ಪೂರ್ತಿ ತಪ್ಪಿದರೆ ಹಿಂದೆ ಹುರುಳಿಯಾದರೂ ಉಂಟು. ಅಕ್ಕಡಿಯ ಸಾಲು ಮಳೆಯ ಮೇಲಿನ ಅಪನಂಬಿಕೆಯಿಂದ ಹುಟ್ಟಿದುದಲ್ಲ. ಮಳೆಯ ಸ್ವಭಾವವನ್ನು ಬಲ್ಲ ವಿವೇಕದಿಂದ ಹುಟ್ಟಿದುದು. ಆರರಲ್ಲಿ ನಾಲ್ಕು ಮಳೆಗೆ, ಎರಡು ಅಕ್ಕಡಿಗೆ ಎಂದು ಹೇಳಿದೊಡನೆ ಹುಡುಗನ ಮುಖ ಅರಳಿತು. ಮರುದಿನ ಪಟ್ಟಿಯಲ್ಲಿ ಎರಡು ಹೆಸರುಗಳು ಬದಲಾಗಿದ್ದವು. ಈಗಲೂ ಆತನು ಸೋಲುವುದುಂಟು. ಆದರೆ ಮಳೆ ನಿಂತಿತೆಂಬ ಕಾರಣವನ್ನು ಹೇಳುವುದಿಲ್ಲ.

ಆಟವು ಆಟವೇ. ಅದಕ್ಕೆ ಹೊತ್ತಿನ ಮಿತಿ ಬೇಕು. ಕಣ್ಣಿನ ಆರೋಗ್ಯವನ್ನೂ ಪಾಠದ ಹೊಣೆಯನ್ನೂ ಮರೆಸುವ ಆಟ ಯಾವುದಾದರೂ ತ್ಯಾಜ್ಯವೇ. ಒಂದು ಭೇದವನ್ನೂ ಮಕ್ಕಳಿಗೆ ತಿಳಿಸಿಕೊಡಬೇಕು. ಆಟದ ಮಳೆ ಕರೆದಾಗ ಬರುವುದು, ಸೋತರೆ ಮರುಗಳಿಗೆಯಲ್ಲೇ ಹೊಸ ಕಾಳಗ. ಹೊಲದ ಮಳೆ ಕರೆದರೆ ಬಾರದು. ಸೋತ ರೈತನು ಒಂದು ವರ್ಷ ಕಾಯಬೇಕು. ಆದುದರಿಂದಲೇ ಸೋಲಿನ ವೆಚ್ಚವಿಲ್ಲದ ಕಡೆಯಲ್ಲಿ ಮುಂದಾಲೋಚನೆಯನ್ನು ಕಲಿತರೆ ಅದು ಲಾಭವೇ ಸರಿ. ಉಪಾಧ್ಯಾಯ ಬಂಧುಗಳು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಇಂತಹ ಪಟ್ಟಿಯನ್ನು ಕಂಡಾಗ ಹರಿದುಹಾಕುವ ಮುನ್ನ, ಮಳೆ ನಿಂತ ಮೇಲೆ ಏನು ಮಾಡುವೆಯೆಂದು ಒಮ್ಮೆ ಕೇಳಿ ನೋಡಲಿ ಎಂಬುದು ನನ್ನ ವಿನಂತಿ.