ನೆಲ ಮುಟ್ಟದ ಕಂಬಗಳ ಚರ್ಚು

ನಾರ್ವೆಯ ಪಶ್ಚಿಮ ಭಾಗದ ಲೇರ್ಡಾಲ್ ಕಣಿವೆಯಲ್ಲಿರುವ ಬೋರ್ಗುಂಡ್ ಚರ್ಚು ಸುಮಾರು 1180ರಲ್ಲಿ ಪೈನ್ ಮರದಿಂದ ನಿರ್ಮಿತವಾದ ಹಳ್ಳಿಯ ಆರಾಧನಾ ಮಂದಿರ. ಈ ಬಗೆಯ ಕಟ್ಟಡಗಳಿಗೆ ‘ಸ್ಟಾವ್ ಚರ್ಚು’ ಎಂದು ಹೆಸರು. ಸ್ಟಾವ್ ಎಂದರೆ ಭಾರ ಹೊರುವ ನೆಟ್ಟನೆಯ ಮರದ ಕಂಬ. ಮಧ್ಯಯುಗದ ನಾರ್ವೆಯಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಇದ್ದವೆಂದು ವಿದ್ವಾಂಸರು ಅಂದಾಜಿಸುತ್ತಾರೆ. ಈಗ ಅಲ್ಲಿ ಉಳಿದಿರುವವು 28.

ಮರದ ಹೆಂಚು ಹೊದಿಸಿದ, ಒಂದರ ಮೇಲೊಂದು ಏರುವ ಇದರ ಮಾಡುಗಳೂ ಅವುಗಳ ತುದಿಯಿಂದ ಚಾಚಿಕೊಂಡ ಡ್ರಾಗನ್ ತಲೆಗಳೂ ನೋಡುಗರನ್ನು ಮೊದಲು ಸೆಳೆಯುತ್ತವೆಯಾದರೂ, ಬಡಗಿಯ ನಿಜವಾದ ಜಾಣ್ಮೆ ಇರುವುದು ಬುಡದಲ್ಲಿ. ಅದಕ್ಕೂ ಹಿಂದಿನ ಮರದ ಚರ್ಚುಗಳಲ್ಲಿ ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳುತ್ತಿದ್ದುದರಿಂದ ತೇವ ತಗುಲಿ ಬುಡ ಕೊಳೆಯುತ್ತಿತ್ತು. ಬೋರ್ಗುಂಡಿನಲ್ಲಾದರೋ ಕಲ್ಲುಗಳ ಮೇಲೆ ದಪ್ಪ ತೊಲೆಗಳನ್ನು ಅಡ್ಡಲಾಗಿ ಕೂರಿಸಿ, ಕಂಬಗಳನ್ನು ಆ ತೊಲೆಗಳ ಮೇಲೆ ನಿಲ್ಲಿಸಿ, ಗೋಡೆಯ ಹಲಗೆಗಳ ಕೆಳತುದಿಯನ್ನು ತೊಲೆಯ ಉದ್ದಕ್ಕೂ ಕೊರೆದ ಸಂದಿನಲ್ಲಿ ಸಿಕ್ಕಿಸಲಾಗಿದೆ. ಹೀಗಾಗಿ ಯಾವ ಕಂಬವೂ ನೆಲ ಮುಟ್ಟುವುದಿಲ್ಲ. ಒಳಗಿನ ಕಂಬಗಳ ನಡುವೆ ಕತ್ತರಿಯಾಕಾರದಲ್ಲಿ ಜೋಡಿಸಿದ ಅಡ್ಡಪಟ್ಟಿಗಳು ಗಾಳಿಯ ಹೊಡೆತಕ್ಕೆ ಕಟ್ಟಡ ವಾಲದಂತೆ ತಡೆಯುತ್ತವೆ. ಹೊರಮೈಗೆ ಮತ್ತೆ ಮತ್ತೆ ಬಳಿಯುತ್ತ ಬಂದಿರುವ ಪೈನ್ ಮರದ ಟಾರು ಮಳೆನೀರನ್ನು ದೂರವಿಡುತ್ತದೆ; ಚರ್ಚಿನ ಕಪ್ಪು ಬಣ್ಣಕ್ಕೂ ಅದೇ ಕಾರಣ.

ಪಶ್ಚಿಮ ಬಾಗಿಲಿನ ಇಕ್ಕೆಲಗಳಲ್ಲಿ ಬಳ್ಳಿಗಳೊಡನೆ ಹೆಣೆದುಕೊಂಡ ಡ್ರಾಗನ್‌ಗಳ ಕೆತ್ತನೆಯಿದೆ. ಅದಕ್ಕಿಂತ ಕುತೂಹಲಕರವಾದವು, ಉತ್ತರ ಯೂರೋಪಿನ ಪ್ರಾಚೀನ ಲಿಪಿಯಾದ ರೂನ್ ಅಕ್ಷರಗಳಲ್ಲಿ ಜನರು ಮರದ ಮೇಲೆ ಗೀಚಿಹೋದ ಬರಹಗಳು. ಸಂತ ಓಲಾಫನ ಹಬ್ಬದ ಮುನ್ನಾದಿನ ಈ ದಾರಿಯಾಗಿ ಹೋದ ತೋರಿರ್ ಎಂಬಾತ ತನ್ನ ಪಾಡಿಗೆ ಕಾರಣರೆಂದು ಅಲ್ಲಿ ಹೆಸರಿಸಿರುವುದು ನೋರ್ನರನ್ನು, ಅಂದರೆ ಕ್ರೈಸ್ತಪೂರ್ವ ನಂಬಿಕೆಯ ವಿಧಿದೇವತೆಯರನ್ನು. ಹಳೆಯ ನಂಬಿಕೆ ಜನರ ಮಾತಿನಲ್ಲಿ ಎಷ್ಟು ಕಾಲ ಉಳಿದಿತ್ತೆಂಬುದಕ್ಕೆ ಚರ್ಚಿನಲ್ಲೇ ದೊರೆತ ಈ ಸಾಕ್ಷ್ಯಕ್ಕೆ ಡ್ರಾಗನ್ ತಲೆಗಳಿಗಿಂತ ಹೆಚ್ಚಿನ ಬೆಲೆ ಕೊಡಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಚರ್ಚುಗಳು ಭಕ್ತರಿಗೆ ಸಾಲದಷ್ಟು ಚಿಕ್ಕವಾಗಿ ಕಂಡು, ಅನೇಕ ಊರುಗಳಲ್ಲಿ ಅವನ್ನು ಕೆಡವಿಹಾಕಲಾಯಿತು. ವಾಂಗ್ ಎಂಬ ಊರಿನ ಚರ್ಚನ್ನು ಬಿಡಿಬಿಡಿಯಾಗಿ ಕಳಚಿ ಹೊರದೇಶಕ್ಕೆ ಸಾಗಿಸಲಾಗಿದ್ದು, ಅದು ಈಗ ಪೋಲೆಂಡಿನ ಕಾರ್ಪಾಚ್‌ನಲ್ಲಿದೆ. ಬೋರ್ಗುಂಡಿನಲ್ಲೂ 1868ರಲ್ಲಿ ಪಕ್ಕದಲ್ಲೇ ಹೊಸ ಚರ್ಚು ಎದ್ದಿತಾದರೂ, ಪುರಾತನ ಸ್ಮಾರಕಗಳ ರಕ್ಷಣೆಗೆಂದು 1844ರಲ್ಲಿ ಸ್ಥಾಪನೆಯಾಗಿದ್ದ ನಾರ್ವೆಯ ಸಂಘವು 1877ರಲ್ಲಿ ಹಳೆಯದನ್ನು ಕೊಂಡು ಉಳಿಸಿತು. ಮುಂದೆ ಗೋಲ್ ಹಳ್ಳಿಯ ಸ್ಟಾವ್ ಚರ್ಚನ್ನು ರಾಜಧಾನಿಗೆ ಸ್ಥಳಾಂತರಿಸಿ ಜೀರ್ಣೋದ್ಧಾರ ಮಾಡಿದಾಗ, ನಷ್ಟವಾಗಿದ್ದ ಭಾಗಗಳಿಗೆ ಬೋರ್ಗುಂಡನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಯಿತು.